ತೀರಿಕೊಂಡ ಅಯ್ಯನವರ ನೋಟ್‌ಬುಕ್‌ಗಳು: ಇಟ್ಟುಕೊಳ್ಳಬೇಕಾ, ಬೇಡವಾ?

ಪ್ರಶ್ನೆ ಕೇಳಿದವರು: ಬೆಟಗೇರಿಯವ

ಎಲ್ಲರಿಗೂ ನಮಸ್ಕಾರ. ಇಲ್ಲಿ ಚರ್ಚಿನ ಸಭೆಯ ಸೇವೆಯಲ್ಲಿ ಇರುವವರು, ಅಯ್ಯನವರ (ಪಾಸ್ಟರ್‌ಗಳ) ಮನೆಗಳಲ್ಲೇ ಬೆಳೆದವರು ಕೆಲವರು ಇದ್ದೀರಿ. ನಿಮ್ಮ ಸಲಹೆ ಬೇಕು.

ನನ್ನನ್ನು ದೇವರ ಸೇವೆಗೆ ಕರೆತಂದ ಅಯ್ಯನವರು ಹೋದ ತಿಂಗಳು ತೀರಿಕೊಂಡರು. ನನಗಿಂತ ಬಹಳ ದೊಡ್ಡವರು, ಆದರೂ ಗೆಳೆಯ ಅಂತಲೇ ಹೇಳಬೇಕು. ಅವರು ಪೀಠದ ಮೇಲೆ ನಿಂತು ಪ್ರಸಂಗ ಮಾಡಿದ್ದಕ್ಕಿಂತ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿದ್ದೇ ಜಾಸ್ತಿ. ಗದಗ-ಬೆಟಗೇರಿ ಕಡೆಯವರಿಗೆ ಜರ್ಮನ್ ಆಸ್ಪತ್ರೆ ಗೊತ್ತಿರುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು ಶುರು ಮಾಡಿದ್ದು, ಆಮೇಲೆ ಸಿಎಸ್ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಬಂತು. ಜನ ಇವತ್ತಿಗೂ ಹಳೆ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲೇ ಅವರ ಹಿಂದೆ ಹಿಂದೆ ತಿರುಗಿ ನಾನು ಕೆಲಸ ಕಲಿತದ್ದು.

ಆಗ ನಾನು ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಹುಡುಗ ಚೆನ್ನಾಗಿ ಮಾತಾಡುತ್ತಾನೆ ಅಂತ ಸಭೆಯಲ್ಲಿ ಹೆಸರಿತ್ತು. ಒಂದು ದಿನ ಆರಾಧನೆ ಮುಗಿದ ಮೇಲೆ ಅಯ್ಯನವರು, "ನಿನಗ ಮಾತಾಡೂದು ಬರ್ತೈತಿ. ಇನ್ನ ಸುಮ್ಮನ ಕೂಡೂದನ್ನೂ ಕಲೀ ಬಾ" ಅಂತ ಕರೆದುಕೊಂಡು ಹೋದರು.

ಅವರ ಪದ್ಧತಿ ಹೀಗಿತ್ತು. ಮಂಚದ ಕಾಲ ಬಳಿ ನಿಲ್ಲಬಾರದು, ಸ್ಟೂಲ್ ಎಳೆದುಕೊಂಡು ತಲೆಯ ಹತ್ತಿರ ಕೂರಬೇಕು. ಮೊದಲು ಊರು ಕೇಳಬೇಕು, ಮಳೆ ಬೆಳೆ ಕೇಳಬೇಕು. ಕಾಯಿಲೆ ಏನು ಅಂತ ನಾವಾಗಿ ಕೇಳಬಾರದು. ವಾಸಿಯಾಗುತ್ತದೆ ಅಂತ ಮಾತು ಕೊಡಲೇಬಾರದು. "ಪ್ರಾರ್ಥನೆ ಮಾಡ್ಲೇನು?" ಅಂತ ಒಂದು ಸಲ ಕೇಳುವುದು. ಹೂಂ ಅಂದರೆ ಪಕ್ಕದ ಮಂಚಕ್ಕೆ ಕೇಳದಷ್ಟು ಮೆಲ್ಲಗೆ, ನಾಲ್ಕು ಮಾತು. ಅದೂ ಕಣ್ಣು ತೆರೆದುಕೊಂಡೇ. ಸಲೈನ್ ಬಾಟ್ಲಿ ಖಾಲಿಯಾಗಿದ್ದು ಕಾಣಬೇಕಲ್ಲ ಅನ್ನುತ್ತಿದ್ದರು. ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರ ಕಥೆ ಅವರಿಗೆ ತುಂಬಾ ಇಷ್ಟ. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಬಿಡದೆ ಕೂತರಲ್ಲ, ಅಲ್ಲಿವರೆಗೆ ಅವರು ಒಳ್ಳೆಯ ಸೇವಕರೇ ಆಗಿದ್ದರು ಅಂತ ಹೇಳುತ್ತಿದ್ದರು.

ಒಂದು ದಿನ ಮುಂಡರಗಿ ಕಡೆಯ ಒಬ್ಬ ಅಜ್ಜ ಇದ್ದ. ಎಡಗೈಗೆ ಸಲೈನ್. ಮಗ ದುಡ್ಡು ಹೊಂದಿಸೋಕೆ ಊರಿಗೆ ಹೋಗಿದ್ದ. ಉಳ್ಳಾಗಡ್ಡಿ ಕಿತ್ತು ನೇರ ಬಂದು ಮಲಗಿದ್ದಂತೆ ಇತ್ತು, ಬಲಗೈ ಉಗುರಿನ ಸಂದಿಯಲ್ಲೆಲ್ಲ ಎರೆ ಮಣ್ಣು. ಅಯ್ಯನವರು ಜೇಬಿನಿಂದ ನೇಲ್ ಕಟರ್ ತೆಗೆದರು. ಹಾಸಿಗೆ ಮೇಲೆ ಅವತ್ತಿನ ಪೇಪರ್ ಹರಡಿ ಆ ಕೈ ಇಟ್ಟುಕೊಂಡರು. ಹೆಬ್ಬೆರಳಿನ ಉಗುರು ದಪ್ಪ, ಕಟರಿಗೆ ಸಿಗುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ಅಂಚಿನಿಂದ ಚೂರು ಚೂರೇ ಕತ್ತರಿಸಿದರು. ಅಷ್ಟೂ ಹೊತ್ತು ಉಳ್ಳಾಗಡ್ಡಿ ರೇಟಿನದೇ ಮಾತು. ಅಜ್ಜ ದಲ್ಲಾಳಿಯನ್ನು ಬೈದ, ಅಯ್ಯನವರು ಹೌದೌದು ಅಂದರು. ಪೇಪರ್ ಮಡಚಿ ಕಸದ ಬುಟ್ಟಿಗೆ ಹಾಕಿ ಎದ್ದರು. ಪ್ರಾರ್ಥನೆ ಮಾಡಲಿಲ್ಲವಲ್ಲ ಅಂತ ಹೊರಗೆ ಬಂದು ಕೇಳಿದೆ. "ಆತ ಬ್ಯಾಡ ಅಂದ. ನೀ ನೀರು ತರಾಕ ಹೋದಾಗ ಕೇಳಿದ್ದೆ" ಅಂದರು.

ಈಗ ನನ್ನ ಪ್ರಶ್ನೆ. ದಿನಾ ಭೇಟಿ ಮುಗಿಸಿ ಬಂದ ಮೇಲೆ ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಹೆಸರು, ಊರು, ಏನು ಕಷ್ಟ, ಯಾವುದಕ್ಕಾಗಿ ಪ್ರಾರ್ಥನೆ ಮಾಡಬೇಕು. ಅವರ ಹೆಂಡತಿ, ನಮ್ಮ ಅಮ್ಮನವರು, ಒಂದು ಟ್ರಂಕ್ ತುಂಬಾ ಇದ್ದ ಆ ಪುಸ್ತಕಗಳನ್ನು "ನೀನೇ ನೋಡಪಾ" ಅಂತ ನನ್ನ ಕೈಗೆ ಕೊಟ್ಟಿದ್ದಾರೆ. ನಾಲ್ಕೈದು ಪುಟ ಓದಿ ಮುಚ್ಚಿಟ್ಟೆ. ಸಾಲದ ವಿಷಯ, ವಿಷ ಕುಡಿದು ಬದುಕಿ ಬಂದವರ ವಿಷಯ, ಗಂಡನಿಗೂ ಹೇಳದ ಕಾಯಿಲೆಯ ವಿಷಯ. ಕೆಲವರು ಇನ್ನೂ ಇದ್ದಾರೆ, ಸಂತೆಯಲ್ಲಿ ಸಿಗುತ್ತಾರೆ. ಅದೇ ಟ್ರಂಕಿನಲ್ಲಿ ಪ್ರಸಂಗಗಳ ಪುಸ್ತಕಗಳೂ ಇವೆ. ಅವರ ಮಗನಿಗೆ ಇವುಗಳಿಂದ ಆಯ್ದು ಒಂದು ನೆನಪಿನ ಪುಸ್ತಕ ಮಾಡಿಸುವ ಆಸೆ. ಅಪ್ಪನ ಮೇಲಿನ ಪ್ರೀತಿಯಿಂದಲೇ ಕೇಳುತ್ತಿದ್ದಾರೆ, ತಪ್ಪಿಲ್ಲ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು, ಸ್ಮರಣೆಯ ಆರಾಧನೆಯಲ್ಲಿ ಐದು ನಿಮಿಷ ಮಾತಾಡು ಅಂದಿದ್ದಾರೆ. ಏನು ಹೇಳಲಿ?

ಉತ್ತರ: ನೈಟ್ ಡ್ಯೂಟಿ ಸಿಸ್ಟರ್

ತಮ್ಮಾ, ಓದಿ ಕಣ್ಣು ತುಂಬಿ ಬಂತು. ನಾನು ಮೈಸೂರಿನ ಕಡೆ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು.

ಭಾಷಣದ ಚಿಂತೆ ಬಿಡಿ, ಇಲ್ಲಿ ಬರೆದದ್ದನ್ನೇ ಹೇಳಿ. ಯಾವ ವರ್ಷ ಎಲ್ಲಿ ಓದಿದರು, ಯಾವ ಸಭೆಗೆ ವರ್ಗವಾದರು ಅನ್ನೋದನ್ನ ಬಿಷಪ್ಪರೋ ಕಾರ್ಯದರ್ಶಿಗಳೋ ಹೇಳೇ ಹೇಳುತ್ತಾರೆ. ನೇಲ್ ಕಟರ್ ವಿಷಯ ನೀವು ಹೇಳದಿದ್ದರೆ ಇನ್ಯಾರು ಹೇಳಬೇಕು? ಆದರೆ ಆ ಅಜ್ಜನ ಊರು ಮಾತ್ರ ಬೇಡ. ನಿಮ್ಮ ಕಡೆ ಊರು, ಬೆಳೆ, ವರ್ಷ ಹೇಳಿದರೆ ಯಾರು ಅಂತ ಗುರುತು ಹತ್ತಿಬಿಡುತ್ತದೆ.

ಇನ್ನೊಂದು ಮಾತು. ವಾರ್ಡಿನ ಆಯಾಗಳು, ವಾರ್ಡ್‌ಬಾಯ್‌ಗಳು ಯಾರಾದರೂ ಇದ್ದರೆ ಕರೆಸಿ. ಒಳ್ಳೆಯ ಚಾಪ್ಲಿನ್ (ಆಸ್ಪತ್ರೆಯ ಅಯ್ಯನವರು) ಇದ್ದರೆ ರೋಗಿಗಳಿಗಿಂತ ನಮಗೇ ಹೆಚ್ಚು ಆಸರೆ. ನಮ್ಮಲ್ಲಿ ಒಬ್ಬರಿದ್ದರು. ರಾತ್ರಿ ವಾರ್ಡಿನಲ್ಲಿ ಮಗು ತೀರಿಕೊಂಡರೆ ತಂದೆತಾಯಿ ಹತ್ತಿರ ಕೂತು, ಅವರನ್ನು ಕಳಿಸಿ, ಆಮೇಲೆ ನರ್ಸ್‌ಗಳ ರೂಮಿಗೆ ಬಂದು ತಾವೇ ಚಹಾ ಸೋಸಿ ಕೊಡುತ್ತಿದ್ದರು. ನಾವು ಆಗಲೇ ಅಳುತ್ತಿದ್ದುದು, ಅದಕ್ಕೆ ಮುಂಚೆ ಅಳೋಕೆ ಪುರುಸೊತ್ತೇ ಇರುತ್ತಿರಲಿಲ್ಲ. ಇಂಥದ್ದನ್ನು ಹೇಳುವವರು ಸ್ಟೇಜಿನ ಮೇಲೆ ಕೂರುವ ಪೈಕಿ ಅಲ್ಲ, ಹುಡುಕಬೇಕು.

ಉತ್ತರ: ಬಲ್ಮಠದ ಹಳೆ ವಿದ್ಯಾರ್ಥಿ

ದಯವಿಟ್ಟು ಎರಡನ್ನೂ ಬೇರೆ ಬೇರೆ ಮಾಡಿ. ಪ್ರಸಂಗದ ಪುಸ್ತಕಗಳು ಒಂದು ಕಡೆ, ಭೇಟಿಯ ಪುಸ್ತಕಗಳು ಒಂದು ಕಡೆ.

ಪ್ರಸಂಗಗಳನ್ನು ಖಂಡಿತ ಉಳಿಸಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನವರ ಆರ್ಕೈವ್ಸ್ ಇದೆ, ಬಾಸೆಲ್ ಮಿಷನ್ ಕಾಲದ ಕಾಗದಪತ್ರಗಳು ಅಲ್ಲಿವೆ. ಅವರನ್ನು ಕೇಳಿ ನೋಡಿ. ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವತ್ತಿನಿಂದ ಅವರು ತಮ್ಮ ಮುಖ್ಯ ಕಚೇರಿಗೆ ಬರೆದು ಕಳಿಸಿದ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಜೋಪಾನವಾಗಿವೆ. ಇದೇ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ್ದು, ಕಿಟೆಲ್ ನಿಘಂಟು 1894ರಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಊರುಗಳ ಅಯ್ಯನವರು, ಉಪದೇಶಿಗಳು ಸ್ವಂತ ಕೈಯಲ್ಲಿ ಬರೆದದ್ದು ಎಷ್ಟು ಉಳಿದಿದೆ? ಗೆದ್ದಲು ತಿಂದದ್ದು, ರದ್ದಿಗೆ ಹೋದದ್ದೇ ಜಾಸ್ತಿ. ಬೆಟಗೇರಿಯ ನೇಕಾರರಿಗೆ, ಎರೆ ಹೊಲದ ರೈತರಿಗೆ ಅವರದೇ ಮಾತಿನಲ್ಲಿ ಹೇಳಿದ ಪ್ರಸಂಗಗಳು ಅಂದರೆ ಇತಿಹಾಸ ಬರೆಯುವವರಿಗೆ ದೊಡ್ಡ ಆಸ್ತಿ.

ಭೇಟಿಯ ಪುಸ್ತಕಗಳನ್ನು ಅಚ್ಚು ಮಾಡಿಸುವ ಮಾತೇ ಬೇಡ. ನನ್ನ ಕೇಳಿದರೆ ಸೀಲ್ ಮಾಡಿ, ಇಷ್ಟು ವರ್ಷ ಯಾರೂ ತೆರೆಯಬಾರದು ಅಂತ ಬರೆಸಿ ಕೊಡುವುದು ಒಳ್ಳೆಯದು. ಹಾಗೆ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕಾಗದದಲ್ಲಿ ಕೇಳಿ.

ಉತ್ತರ: ಅಯ್ಯನವರ ಮಗಳು

ಮೇಲಿನವರ ಕೊನೆಯ ಮಾತು ನನಗೆ ಸರಿ ಅನ್ನಿಸಲಿಲ್ಲ. ಸೀಲ್ ಮಾಡಿದ್ದನ್ನು ಒಂದು ದಿನ ಯಾರೋ ಒಡೆಯೋಕೇ ತಾನೆ ಇಡೋದು?

ನಮ್ಮ ಅಪ್ಪನೂ ಹೀಗೇ ಬರೆದಿಡುತ್ತಿದ್ದರು. ಅವರು ಹೋದ ಮೇಲೆ ಅಮ್ಮ, ನಾನು, ನನ್ನ ತಂಗಿ ಕೂತು ಬಚ್ಚಲ ಒಲೆಗೆ ಹಾಕಿದೆವು. ಒಂದು ಪುಟವನ್ನೂ ಓದಲಿಲ್ಲ. ರಟ್ಟು ಕಿತ್ತು, ಹಾಳೆ ಬಿಡಿಸಿ ಹಾಕಬೇಕು, ಇಡೀ ಪುಸ್ತಕ ಹಾಕಿದರೆ ಅಂಚು ಸುಟ್ಟು ಮಧ್ಯ ಹಾಗೇ ಉಳಿಯುತ್ತದೆ. ಆ ಜನ ಹೇಳಿಕೊಂಡದ್ದು ಅಪ್ಪನ ಹತ್ತಿರ. ನಮ್ಮ ಹತ್ತಿರ ಅಲ್ಲ, ಸಭೆಯ ಹತ್ತಿರ ಅಲ್ಲ, ಮುಂದೆ ಬರುವ ಇತಿಹಾಸಕಾರರ ಹತ್ತಿರವಂತೂ ಅಲ್ಲವೇ ಅಲ್ಲ. ನಮ್ಮ ಮನೆಗೆ ರಾತ್ರಿ ಹೊತ್ತು ಹಿತ್ತಲ ಬಾಗಿಲಿಗೆ ಬಂದು ಅಪ್ಪನ ಜೊತೆ ಮಾತಾಡಿ ಹೋದವರನ್ನು ನಾನು ನೋಡಿದ್ದೀನಿ. ಅವರು ಯಾರನ್ನ ನಂಬಿ ಬಂದಿದ್ದರು ಅಂತ ಯೋಚನೆ ಮಾಡಿ.

ಮಗನಿಗೆ ಬೇಜಾರಾಗದ ಹಾಗೆ ಹೇಳಿ. ಅವರಿಗೆ ಅಪ್ಪನ ಅಕ್ಷರ ಬೇಕಿರಬಹುದು, ಅಷ್ಟೇ. ಪ್ರಸಂಗದ ಪುಸ್ತಕ ಒಂದನ್ನು ಅವರಿಗೇ ಕೊಟ್ಟುಬಿಡಿ.

ಉತ್ತರ: ಬೆಟಗೇರಿಯವ

ಎಲ್ಲರಿಗೂ ತುಂಬಾ ಉಪಕಾರ. ನಿನ್ನೆ ಸಂಜೆ ಅಮ್ಮನವರ ಹತ್ತಿರ ಹೋಗಿ ನಿಮ್ಮ ಉತ್ತರಗಳನ್ನು ಓದಿ ಹೇಳಿದೆ. ಅಯ್ಯನವರ ಮಗಳು ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಅಮ್ಮನವರು ಹೇಳಿದ್ದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಭೇಟಿಯ ಪುಸ್ತಕಗಳು ಒಲೆಗೆ. ಆದರೆ ಅದಕ್ಕೆ ಮುಂಚೆ ಪ್ರತಿ ಪುಟದ ಮೇಲಿನ ಹೆಸರನ್ನಷ್ಟೇ ಓದಿ, ಆ ಹೆಸರಿಗೆ ಒಂದು ಪ್ರಾರ್ಥನೆ ಮಾಡಬೇಕಂತೆ. ಕೆಳಗೆ ಬರೆದದ್ದನ್ನು ಓದುವ ಹಾಗಿಲ್ಲ. ತಿಂಗಳುಗಟ್ಟಲೆ ಹಿಡಿಯುತ್ತೆ ಅಂದೆ. ಹಿಡೀಲಿ ಅಂದರು.

ಮಗನೂ ಒಪ್ಪಿದರು. ಪ್ರಸಂಗದ ಪುಸ್ತಕಗಳಲ್ಲಿ ಹಳೆಯದೊಂದನ್ನು ಅವರು ಇಟ್ಟುಕೊಳ್ಳುತ್ತಾರೆ, ಉಳಿದದ್ದಕ್ಕೆ ಬಲ್ಮಠಕ್ಕೆ ಕಾಗದ ಬರೆಯುತ್ತಿದ್ದೇನೆ. ಅಲ್ಲೂ ನಡುನಡುವೆ ರೋಗಿಗಳ ಹೆಸರು ಬಂದಿದೆ, ಅವನ್ನು ನೋಡಿ ಮುಚ್ಚಿಯೇ ಕೊಡುತ್ತೇನೆ. ಸಿಸ್ಟರ್ ಅಕ್ಕಾ, ನೀವು ಹೇಳಿದ ಹಾಗೆ ಹಳೆಯ ಆಯಾ ಒಬ್ಬರು ಸಿಕ್ಕಿದ್ದಾರೆ. ಮೈಕ್ ಮುಂದೆ ಬರಲ್ಲ ಅಂತಾರೆ, ಕೂತಲ್ಲಿಂದಲೇ ಹೇಳಿ ಅಂದಿದ್ದೇನೆ. ನನ್ನ ಐದು ನಿಮಿಷದಲ್ಲಿ ಮೂರು ಅವರಿಗೇ.

ಕೊಡುವ ಮುಂಚೆ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿಸಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆ ನೋಟ್‌ಬುಕ್ಕಿನ ಹೊಲಿಗೆ ಬಿಚ್ಚದೆ ಸ್ಕ್ಯಾನ್ ಮಾಡಿಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ. ಮಸಿ ಕೆಲವು ಕಡೆ ತುಂಬಾ ಮಾಸಿದೆ.