ತೆರಿಗೆ ಹಂಗಾಮಿನಲ್ಲಿ ಕಚೇರಿಯ ಸಿಬ್ಬಂದಿಯನ್ನು ಹೇಗೆ ಉಳಿಸಿಕೊಳ್ಳುತ್ತೀರಿ? ಅನುಭವ ತಿಳಿಸಿ

ಕೇಳಿದವರು: ದಾವಣಗೆರೆಯ ಒಬ್ಬ ಆಡಿಟರ್

ನಮ್ಮದು ಹದಿನಾಲ್ಕು ವರ್ಷದ ಕಚೇರಿ. ನಾಲ್ವರು ಅಕೌಂಟೆಂಟರು, ಮೂವರು ಆರ್ಟಿಕಲ್ ವಿದ್ಯಾರ್ಥಿಗಳು (ಸಿಎ ಓದುತ್ತ ಕಚೇರಿಯಲ್ಲಿ ತರಬೇತಿ ಪಡೆಯುವವರು), ಒಬ್ಬ ಸಹಾಯಕ. ಅಕ್ಕಿ ಗಿರಣಿ, ಬಟ್ಟೆ ಅಂಗಡಿ ಮತ್ತು ಎಪಿಎಂಸಿಯ ದಲಾಲಿ ಮಂಡಿಗಳೇ ನಮ್ಮ ಪಾರ್ಟಿಗಳಲ್ಲಿ, ಅಂದರೆ ಗ್ರಾಹಕರಲ್ಲಿ, ಹೆಚ್ಚು. 2025ರ ಹಂಗಾಮು ಹೇಗಿತ್ತೆಂದು ಈ ವೃತ್ತಿಯವರಿಗೆ ವಿವರಿಸಬೇಕಾಗಿಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಸರಿಯಿತು, ಆ ದಿನ ಮಧ್ಯರಾತ್ರಿಯ ಹೊತ್ತಿಗೆ ಮತ್ತೊಂದು ದಿನ ದೊರೆಯಿತು. ಅದೇ 15ಕ್ಕೆ ಮುಂಗಡ ತೆರಿಗೆಯ ಕಂತು, 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ ಆದ 3ಬಿ, 22ರಿಂದ ಜಿಎಸ್‌ಟಿಯ ಹೊಸ ದರಗಳು, 30ಕ್ಕೆ ಟ್ಯಾಕ್ಸ್ ಆಡಿಟ್ ವರದಿ. ಆ ವರದಿಗೆ ಅಕ್ಟೋಬರ್ 31ರವರೆಗೆ ಸಮಯ ಕೊಟ್ಟ ಸುದ್ದಿ 25ರಂದು ಬಂದಾಗ ನಮ್ಮ ಕಚೇರಿಯಲ್ಲಿ ಒಬ್ಬರೂ ಸಂತೋಷಪಡಲಿಲ್ಲ, ಏಕೆಂದರೆ ಮುಗಿಯಿತೆಂದುಕೊಂಡಿದ್ದ ದಣಿವು ಇನ್ನೊಂದು ತಿಂಗಳು ಮುಂದುವರಿಯಿತೆಂದೇ ಎಲ್ಲರಿಗೂ ಅನ್ನಿಸಿತು.

ದೀಪಾವಳಿ ಕಳೆದ ಮೇಲೆ ಇಬ್ಬರು ಕೆಲಸ ಬಿಟ್ಟರು. ಅವರಲ್ಲಿ ಒಬ್ಬರು ಒಂಬತ್ತು ವರ್ಷ ನಮ್ಮೊಂದಿಗಿದ್ದ ಹಿರಿಯ ಅಕೌಂಟೆಂಟ್. ಕಾರಣ ಕೇಳಿದಾಗ ‘ಮಗಳ ಪರೀಕ್ಷೆ ಇದೆ ಸರ್’ ಎಂದಷ್ಟೇ ಹೇಳಿದರು. ನಾನು ಬೋನಸ್ ಕೊಟ್ಟಿದ್ದೇನೆ, ತಡವಾದ ದಿನ ಊಟ ತರಿಸಿದ್ದೇನೆ, ಯಾರಿಗೂ ಗದರಿದವನಲ್ಲ. ಮುಂದಿನ ಹಂಗಾಮು ಹತ್ತಿರ ಬಂದಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆಂದು ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಶಿವಮೊಗ್ಗದ ಆಡಿಟರ್, 22 ವರ್ಷದ ವೃತ್ತಿ

ತಾವು ಕೊಟ್ಟದ್ದೆಲ್ಲ ದಣಿದ ಮೇಲೆ ಕೊಟ್ಟದ್ದು. ದಣಿವು ಎಲ್ಲಿ ಹುಟ್ಟುತ್ತದೆಂಬುದನ್ನು ನಾನೂ ಬಹಳ ವರ್ಷ ನೋಡಿರಲಿಲ್ಲ. ಒಂದು ಹಂಗಾಮಿನಲ್ಲಿ ನಮ್ಮ ಹಿರಿಯ ಗುಮಾಸ್ತೆಯವರನ್ನು, ದಿನವಿಡೀ ಏನು ಮಾಡಿದಿರೆಂದು ಒಂದು ವಾರ ಬರೆದಿಡುವಂತೆ ಕೇಳಿಕೊಂಡೆ. ಅವರ ಹೊತ್ತಿನಲ್ಲಿ ಸುಮಾರು ಅರ್ಧ ಭಾಗ ಲೆಕ್ಕಕ್ಕೆ ಹೋಗಿರಲಿಲ್ಲ. ಕಾಗದ ಕೇಳುವುದಕ್ಕೆ ಹೋಗಿತ್ತು: ಬ್ಯಾಂಕ್ ಸ್ಟೇಟ್‌ಮೆಂಟ್ ಮಾರ್ಚ್‌ವರೆಗೆ ಇಲ್ಲ, ಸಾಲದ ಬಡ್ಡಿಯ ಪತ್ರ ಇಲ್ಲ, ವಾಟ್ಸ್‌ಆಪ್‌ನಲ್ಲಿ ಬಂದ ಪರ್ಚೇಸ್ ಬಿಲ್‌ನ ಚಿತ್ರದಲ್ಲಿ ಹೆಬ್ಬೆರಳು ಮಾತ್ರ ಸ್ಪಷ್ಟವಾಗಿದೆ, ಒಟಿಪಿ ಕೇಳಿದರೆ ಯಜಮಾನರು ಧರ್ಮಸ್ಥಳಕ್ಕೆ ಹೋಗಿದ್ದಾರೆ. ಇಷ್ಟೆಲ್ಲ ಆದ ಮೇಲೆ ಅಡಿಕೆ ಮಂಡಿಯ ಸಾಹುಕಾರರೊಬ್ಬರು ‘ನಮ್ಮದಿನ್ನೂ ಆಗಿಲ್ಲವೇ?’ ಎಂದು ಅವರನ್ನೇ ಗದರಿಸಿದ್ದರು. ನಾನು ಗದರಿರಲಿಲ್ಲ, ನಿಜ. ಆದರೆ ನನ್ನ ಪಾರ್ಟಿಗಳು ಗದರುವುದನ್ನು ತಡೆದೂ ಇರಲಿಲ್ಲ.

ಅಂದಿನಿಂದ ಕಚೇರಿಗೆ ಸರ್ಕಾರದ್ದಲ್ಲದೆ ನಮ್ಮದೇ ಒಂದು ಗಡುವು ಇದೆ. ಆಡಿಟ್ ಆಗಬೇಕಾದವರ ಪೂರ್ಣ ಕಾಗದ ಆಗಸ್ಟ್ 31ರೊಳಗೆ ಬರಬೇಕು. ಬಂದ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆದು, ಬಂದ ಕ್ರಮದಲ್ಲೇ ಸರದಿ ಕೊಡುತ್ತೇವೆ. ಅರ್ಧ ಬಂದ ಕಾಗದವನ್ನು ಬಂದಂತೆ ಎಣಿಸುವುದಿಲ್ಲ. ಈ ಕೊನೆಯ ಮಾತೇ ಮುಖ್ಯ, ಏಕೆಂದರೆ ಒಂದು ಫೈಲನ್ನು ನಾಲ್ಕು ಬಾರಿ ತೆರೆದು ಮುಚ್ಚುವುದಕ್ಕಿಂತ ಬೇಸರದ ಕೆಲಸ ಬೇರೆ ಇಲ್ಲ. ಗಡುವು ದಾಟಿ ಬಂದವರೊಡನೆ ಸಿಬ್ಬಂದಿ ಮಾತನಾಡುವುದಿಲ್ಲ, ನಾನೇ ಮಾತನಾಡುತ್ತೇನೆ. ‘ಇಲ್ಲ’ ಎನ್ನುವ ಅಧಿಕಾರ ಇಲ್ಲದವರ ಕೈಗೆ ಫೋನ್ ಕೊಟ್ಟರೆ ಅವರು ಬೈಸಿಕೊಳ್ಳುವುದನ್ನು ಬಿಟ್ಟು ಬೇರೇನು ಮಾಡಲಾದೀತು?

ಮೊದಲ ವರ್ಷ ಇದಕ್ಕೆ ಬೆಲೆ ತೆತ್ತಿದ್ದೇನೆ. ಹಳೆಯ ಮತ್ತು ದೊಡ್ಡ ಪಾರ್ಟಿಯೊಂದು ಸಿಟ್ಟು ಮಾಡಿಕೊಂಡು ಬೇರೆಯವರಲ್ಲಿಗೆ ಹೋಯಿತು. ಉಳಿದವರು ಎರಡನೆಯ ವರ್ಷಕ್ಕೆ ಒಗ್ಗಿಕೊಂಡರು. ಸಂಬಳದಾರರ ಸಣ್ಣ ರಿಟರ್ನ್‌ಗಳಿಗೆ ಇಷ್ಟು ಬಿಗಿ ಬೇಕಾಗುವುದಿಲ್ಲ. ಗಡುವು ಮೀರಿದರೆ 5,000 ರೂಪಾಯಿ, ಆದಾಯ ಐದು ಲಕ್ಷದೊಳಗಿದ್ದರೆ 1,000 ರೂಪಾಯಿ ತಡ ಶುಲ್ಕವೆಂದು ಜೂನ್‌ನಲ್ಲೇ ಒಂದು ಸಂದೇಶ ಕಳುಹಿಸಿದರೆ ಅವರೇ ಓಡಿ ಬರುತ್ತಾರೆ.

ಮಂಗಳೂರಿನ ಅಕೌಂಟೆಂಟ್, ನೌಕರಳಾಗಿ ಹೇಳುತ್ತಿದ್ದೇನೆ

ಊಟದ ವಿಷಯ ಬಂದಿದ್ದರಿಂದ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಹಿಂದಿನ ಕಚೇರಿಯಲ್ಲಿ ಸಂಜೆ ಏಳಕ್ಕೆ ಬಿರಿಯಾನಿ ಬಂದಿತೆಂದರೆ ಅಂದು ಹತ್ತರವರೆಗೆ ಬಿಡುವುದಿಲ್ಲವೆಂದು ಅರ್ಥವಾಗುತ್ತಿತ್ತು. ಅದೂ ಶ್ರಾವಣ ಮಾಸದಲ್ಲಿ! ನಮ್ಮಲ್ಲಿ ಅರ್ಧ ಜನ ಅದನ್ನು ಮುಟ್ಟುವಂತಿರಲಿಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ, ನವರಾತ್ರಿ ಎಲ್ಲವೂ ಈ ಹಂಗಾಮಿನೊಳಗೇ ಬರುತ್ತವೆ, ಮನೆಯಲ್ಲಿ ಹಬ್ಬ ಮಾಡಬೇಕಾದವರೂ ನಾವೇ. ನಮಗೆ ಬೇಕಾದದ್ದು ಊಟವಲ್ಲ, ಇಂದು ಎಷ್ಟು ಗಂಟೆಗೆ ಮನೆಗೆ ಹೋಗಬಹುದೆಂಬ ಮಾತು, ಅದೂ ಬೆಳಿಗ್ಗೆಯೇ. ಒಂಬತ್ತು ಗಂಟೆಯೆಂದು ಬೆಳಿಗ್ಗೆ ತಿಳಿದರೆ ಮಗುವನ್ನು ಅತ್ತೆಯ ಮನೆಗೆ ಬಿಟ್ಟು ಬರಬಹುದು. ಅದೇ ಮಾತು ಸಂಜೆ ಆರಕ್ಕೆ ಗೊತ್ತಾದರೆ ಕಣ್ಣು ಗಡಿಯಾರದ ಮೇಲೆ, ಕೈ ಕೀಲಿಮಣೆಯ ಮೇಲೆ. ಕೊನೆಯ ಬಸ್ಸು ತಪ್ಪಿದ ದಿನ ಆಟೊ ಖರ್ಚನ್ನು ಕೇಳದೆಯೇ ಕೊಡುವ ವ್ಯವಸ್ಥೆ ಇರಲಿ. ನೂರೈವತ್ತು ರೂಪಾಯಿಗೆ ವೋಚರ್ ಬರೆದು ಸಹಿಗಾಗಿ ನಿಲ್ಲುವುದು ಅವಮಾನ ಅನ್ನಿಸುತ್ತದೆ.

ತಮ್ಮ ಹಿರಿಯ ಅಕೌಂಟೆಂಟ್ ಮಗಳ ಪರೀಕ್ಷೆಯೆಂದು ಹೇಳಿದ್ದು ಸುಳ್ಳಾಗಿರಲಿಕ್ಕಿಲ್ಲ ಸರ್. ಪೂರ್ತಿ ಹೇಳಿರಲಿಕ್ಕಿಲ್ಲ, ಅಷ್ಟೆ.

ಬೆಂಗಳೂರಿನಿಂದ, ಹಿಂದೆ ಆರ್ಟಿಕಲ್ ಆಗಿದ್ದವಳು

ನಾನು ಮೂರು ವರ್ಷದ ಹಳೆಯ ಆರ್ಟಿಕಲ್‌ಶಿಪ್ ಮುಗಿಸಿದವಳು. ಆಗ ನಮಗೆ ಪರೀಕ್ಷೆಗಳು ಮೇ ಮತ್ತು ನವೆಂಬರಿನಲ್ಲಿದ್ದವು, ಆದ್ದರಿಂದ ಆಡಿಟ್ ಮುಗಿಯುವುದಕ್ಕೂ ಓದು ತಲೆಯ ಮೇಲೆ ಬರುವುದಕ್ಕೂ ಸರಿಹೋಗುತ್ತಿತ್ತು. ನನ್ನ ಪ್ರಿನ್ಸಿಪಾಲರು, ಅಂದರೆ ತರಬೇತಿ ಕೊಡುತ್ತಿದ್ದ ಆಡಿಟರು, ಸೆಪ್ಟೆಂಬರಿನಲ್ಲಿ ಒಂದು ರಜೆಯನ್ನೂ ಕೊಡುತ್ತಿರಲಿಲ್ಲ, ಆದರೆ ಓದಿಗೆಂದು ಯಾವ ದಿನದಿಂದ ಬಿಡುತ್ತಾರೆಂಬುದನ್ನು ಜೂನ್‌ನಲ್ಲೇ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದರು. ಬರೆದ ದಿನವನ್ನು ಒಮ್ಮೆಯೂ ಮುಂದೆ ಹಾಕಲಿಲ್ಲ. ಅದೊಂದೇ ಕಾರಣಕ್ಕೆ ಆ ಕಚೇರಿಯನ್ನು ಬಿಟ್ಟು ವರ್ಗಾವಣೆ ಕೇಳಬೇಕೆಂದು ನನಗೆ ಅನ್ನಿಸಲಿಲ್ಲ. 2023ರ ಜುಲೈಯಿಂದ ಸೇರಿದವರಿಗೆ ಆರ್ಟಿಕಲ್‌ಶಿಪ್ ಎರಡೇ ವರ್ಷ. ಎರಡು ಹಂಗಾಮು ಕಳೆಯುವಷ್ಟರಲ್ಲಿ ಅವರು ಹೊರಟುಹೋಗುತ್ತಾರೆ. ಆ ಎರಡನ್ನೂ ಬರೀ ವೋಚರ್ ಹೊಂದಿಸುವುದರಲ್ಲಿ ಕಳೆಸಿದರೆ ಅವರಿಗೂ ನಷ್ಟ, ತಮಗೂ ನಷ್ಟ. ಒಂದು ಸಣ್ಣ ಅಂಗಡಿಯ ಆಡಿಟ್ಟನ್ನಾದರೂ ಮೊದಲಿನಿಂದ ಕೊನೆಯವರೆಗೆ ಒಬ್ಬರಿಗೇ ಒಪ್ಪಿಸಿ ನೋಡಿ. ತನ್ನದೆಂಬ ಫೈಲಿಗೆ ತಡವಾಗಿ ಕುಳಿತ ರಾತ್ರಿ ಅಷ್ಟು ಭಾರವಾಗುವುದಿಲ್ಲ.

ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದ ಮುಖ್ಯಸ್ಥ

ನಾನು ಮೇಜಿನ ಆಚೆ ಬದಿಯವನು, ಅಂದರೆ ಆಡಿಟರಿಗೆ ಕಾಗದ ಕೊಡುವವನು. ನಮ್ಮಲ್ಲಿ ಹಂಗಾಮು ವರ್ಷಕ್ಕೊಮ್ಮೆ ಬರುವಂಥದ್ದಲ್ಲ. ತಿಂಗಳ 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಕಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್ 1 (ಮಾರಾಟದ ವಿವರ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ ಜೊತೆಗೆ ವೃತ್ತಿ ತೆರಿಗೆ. ಈ ಸರಣಿಯ ಮೇಲೆ ಆಡಿಟ್ ಬಂದು ಕೂರುತ್ತದೆ. ಎರಡು ಸಂಗತಿಗಳನ್ನು ಹೇಳುತ್ತೇನೆ.

ನಮ್ಮ ಹುಡುಗನೊಬ್ಬ ರಾತ್ರಿ ಹತ್ತೂವರೆಗೆ ದೊಡ್ಡ ಮೊತ್ತದ ತೆರಿಗೆ ಕಟ್ಟುವಾಗ ಚಲನ್‌ನಲ್ಲಿ ತೆರಿಗೆ ನಿರ್ಧರಣಾ ವರ್ಷವನ್ನು (ಅಸೆಸ್‌ಮೆಂಟ್ ಇಯರ್) ತಪ್ಪಾಗಿ ಆರಿಸಿದ. ಅವನು ಹದಿನಾಲ್ಕು ಗಂಟೆಗಳಷ್ಟು ಹೊತ್ತಿನಿಂದ ಕುಳಿತಿದ್ದ. ಅದನ್ನು ಸರಿಪಡಿಸಲು ಹಿಡಿದ ಹೊತ್ತಿನಲ್ಲಿ ಅವನು ಎರಡು ದಿನ ಮನೆಯಲ್ಲಿ ಮಲಗಿ ಬರಬಹುದಿತ್ತು. ಅಂದಿನಿಂದ ರಾತ್ರಿ ಎಂಟರ ನಂತರ ಹಣ ಕಟ್ಟುವುದು ಮತ್ತು ರಿಟರ್ನ್ ಸಲ್ಲಿಸುವುದು ನಮ್ಮಲ್ಲಿ ನಿಷಿದ್ಧ. ತಡವಾದರೆ ಮರುದಿನಕ್ಕೆ ತಯಾರಿ ಮಾತ್ರ ಮಾಡಬಹುದು, ಸಲ್ಲಿಸುವ ಮುನ್ನ ಇನ್ನೊಬ್ಬರು ನೋಡಬೇಕು. ಕೊನೆಯ ದಿನ ಈ ನಿಯಮ ನಡೆಯುವುದಿಲ್ಲವೆಂದು ತಾವು ಹೇಳಬಹುದು. ಕೊನೆಯ ದಿನಕ್ಕೆ ಉಳಿಸದಂತೆ ಮಾಡಿದ್ದೂ ಈ ನಿಯಮವೇ.

ಎರಡನೆಯದು, ಹೆಚ್ಚುವರಿ ಹೊತ್ತಿನ ಲೆಕ್ಕ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದ ಹೊತ್ತಿಗೆ ಎರಡರಷ್ಟು ಕೂಲಿ ಎನ್ನುತ್ತದೆ. ಊರವರೆಲ್ಲರ ಲೆಕ್ಕ ಬರೆಯುವ ಕಚೇರಿಗಳಲ್ಲೇ ತಮ್ಮವರ ಗಂಟೆಗಳ ಲೆಕ್ಕ ಇರುವುದಿಲ್ಲ, ಇದನ್ನು ನಾನು ಹಲವು ಕಡೆ ಕಂಡಿದ್ದೇನೆ. ದೀಪಾವಳಿಗೆ ಎಲ್ಲರಿಗೂ ಒಂದೇ ಬೋನಸ್ ಕೊಟ್ಟರೆ ರಾತ್ರಿ ಕುಳಿತವನಿಗೂ ಆರಕ್ಕೆ ಎದ್ದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ವಿಜಯಪುರದ ತೆರಿಗೆ ಸಲಹೆಗಾರ

ಶಿವಮೊಗ್ಗದವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ ಇರುವುದು ನಾನು ಮತ್ತು ಇಬ್ಬರು ಹುಡುಗರು. ಒಂದು ದೊಡ್ಡ ಪಾರ್ಟಿ ಹೋದರೆ ಒಬ್ಬ ಹುಡುಗನ ಸಂಬಳವೇ ಹೋಗುತ್ತದೆ. ನಾನು ಮಾಡಿದ್ದಿಷ್ಟು: ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರನ್ನು ಜುಲೈಯಿಂದ ನಾಲ್ಕು ತಿಂಗಳಿಗೆ ಅರ್ಧ ದಿನದ ಕೆಲಸಕ್ಕೆ ಕರೆದುಕೊಂಡೆ. ಕಾಗದ ತರಿಸುವುದು, ಸ್ಕ್ಯಾನ್ ಮಾಡುವುದು, ಫೋನ್ ತೆಗೆದುಕೊಳ್ಳುವುದು ಅವರ ಪಾಲಿಗೆ. ಅವರ ವಯಸ್ಸು ಮತ್ತು ದನಿ ಕೇಳಿ ಪಾರ್ಟಿಯವರು ಗದರುವುದೂ ಇಲ್ಲ, ‘ಹೂಂ ಕಾಕಾ, ನಾಳೆ ಕಳಸ್ತೀನ್ರಿ’ ಎನ್ನುತ್ತಾರೆ. ತಡವಾಗಿ ತಂದವರಿಗೆ ಫೀಸು ಹೆಚ್ಚು ಹಾಕಿ, ಆ ಹೆಚ್ಚುವರಿಯನ್ನು ಹುಡುಗರಿಗೇ ಹಂಚುತ್ತೇನೆ.

ಈ ವರ್ಷ ಇನ್ನೊಂದು ಹೊರೆಯಿದೆ, ಅದನ್ನು ಯಾರೂ ಎತ್ತಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ. ಕಳೆದ ಹಣಕಾಸು ವರ್ಷದ ರಿಟರ್ನ್ 1961ರ ಕಾಯ್ದೆಯಂತೆ, ಈಗ ಕಡಿಯುವ ಟಿಡಿಎಸ್ ಹೊಸದರಂತೆ. ಹಳೆಯ ಕಾಯ್ದೆಯ ಟಿಡಿಎಸ್ ಸೆಕ್ಷನ್‌ಗಳು 194ಸಿ, 194ಜೆ ಎಂದು ಬಾಯಿಪಾಠವಾಗಿದ್ದ ಹುಡುಗರು ಈಗ ಸಂಬಳಕ್ಕೆ 392, ಉಳಿದವಕ್ಕೆ 393 ಎಂದು ಹೊಸದಾಗಿ ಕಲಿಯಬೇಕು. ಕೆಲಸ ಕಡಿಮೆ ಇರುವಾಗಲೇ ದಿನಕ್ಕೊಂದು ಗಂಟೆ ಕೂತು ಕಲಿಸಿ. ಸೆಪ್ಟೆಂಬರಿನಲ್ಲಿ ಕಲಿಸಲು ಹೋದರೆ ಯಾರ ತಲೆಗೂ ಹತ್ತುವುದಿಲ್ಲ.

ದಾವಣಗೆರೆಯಿಂದ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ಗಂಟೆಯ ಲೆಕ್ಕ ಬರೆಯಲು ಇದೇ ವಾರ ಆರಂಭಿಸಿದ್ದೇವೆ. ಹಿರಿಯ ಅಕೌಂಟೆಂಟ್‌ಗೆ ಫೋನ್ ಮಾಡಿ, ಮತ್ತೆ ಬನ್ನಿ ಎನ್ನುವುದಕ್ಕಲ್ಲ, ಏನು ಕಷ್ಟವಾಗಿತ್ತೆಂದು ಕೇಳುವುದಕ್ಕೆ ಮಾಡಿದ್ದೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಣೇಶನ ಹಬ್ಬದ ದಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಅವರ ಸ್ವಂತ ಮೊಬೈಲಿಗೆ ಹದಿನೇಳು ಬಾರಿ ಕರೆ ಮಾಡಿದ್ದನ್ನು ಹೇಳಿದರು. ಆ ನಂಬರನ್ನು ಮಾಲೀಕರಿಗೆ ಕೊಟ್ಟವನು ನಾನೇ.

ಈಗ ಕಚೇರಿಗೆ ಬೇರೆ ಮೊಬೈಲ್ ಕೊಂಡಿದ್ದೇನೆ, ಸಂಜೆ ಏಳಕ್ಕೆ ಅದು ನನ್ನ ಮೇಜಿಗೆ ಬರುತ್ತದೆ. ಆಗಸ್ಟ್ 31ರ ಗಡುವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಬಾಗಿಲಿಗೆ ಅಂಟಿಸಿದೆ, ಎಲ್ಲ ಪಾರ್ಟಿಗಳಿಗೂ ಕಳುಹಿಸಿದೆ. ಹತ್ತೇ ನಿಮಿಷದಲ್ಲಿ ಮೊದಲ ಫೋನ್ ಬಂತು. ‘ಭಾವ, ಇದು ನಮಗೂ ಅನ್ವಯಿಸುತ್ತದೆಯೇ?’ ಎಂದು ಕೇಳಿದವನು ನನ್ನ ಹೆಂಡತಿಯ ತಮ್ಮ. ಹೌದೆಂದು ಹೇಳಿದ್ದೇನೆ. ಈ ಭಾನುವಾರ ಅವರ ಮನೆಯಲ್ಲಿ ಊಟವಿದೆ.