ರಜೆಯಲ್ಲಿ ಮುಚ್ಚಿದ್ದ ಹಾಸ್ಟೆಲಿನ ನಲ್ಲಿ ನೀರು: ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬಗ್ಗೆ ತಿಳಿದವರು ಹೇಳಿ

ವಾರ್ಡನ್, ಉಡುಪಿ:
ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದೇನೆ. ಏಪ್ರಿಲ್‌ನಿಂದ ಮೂರನೇ ಮಹಡಿ ಪೂರ್ತಿ ಖಾಲಿ. ಮಕ್ಕಳು ಮುಂದಿನ ವಾರ ಬರುತ್ತಾರೆ. ನಿನ್ನೆ ಕೊನೆಯ ಬಚ್ಚಲಿನ ಶವರ್ ತಿರುಗಿಸಿದೆ. ಮೊದಲು ಬುಸ್ ಎಂದು ಗಾಳಿ, ಆಮೇಲೆ ಕಂದು ನೀರು, ಅದರೊಂದಿಗೆ ಲೋಳೆಯ ಚೂರುಗಳು. ಬಿಸಿನೀರು ಬರುವುದು ತಾರಸಿಯ ಸೋಲಾರ್‌ನಿಂದ. ಮಳೆ ಹಿಡಿದ ಮೇಲೆ ಅದು ಬರೀ ಉಗುರುಬೆಚ್ಚಗೆ. ಆಡಳಿತದವರು, "ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ, ಬಾವಿ ನೀರಿನ ವರದಿಯೂ ಚೆನ್ನಾಗಿದೆ, ಇನ್ನೇನು ಬೇಕು?" ಎನ್ನುತ್ತಾರೆ. ಇಷ್ಟು ಸಾಕೇ? ನಾಳೆ ಹೆತ್ತವರಿಗೆ ಉತ್ತರ ಹೇಳಬೇಕಾದವಳು ನಾನು.

ಕಟ್ಟಡ ನಿರ್ವಹಣೆ, ಮಂಗಳೂರು:
ಖಂಡಿತ ಸಾಲದು ಮೇಡಂ. ಬಾವಿ ನೀರಿನ ಮಾಮೂಲಿ ವರದಿ ಕೋಲಿಫಾರ್ಮ್ (ನೀರಿಗೆ ಕೊಳಕು ಸೇರಿದೆ ಎಂದು ಸೂಚಿಸುವ ಬ್ಯಾಕ್ಟೀರಿಯಾ) ಇದೆಯೇ ಎಂದು ಹೇಳುತ್ತದೆ, ಲೆಜಿಯೊನೆಲ್ಲಾ ಇದೆಯೇ ಎಂದಲ್ಲ. ಅದಕ್ಕೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪ್ರತ್ಯೇಕ ಕಲ್ಚರ್ ಪರೀಕ್ಷೆ ಬೇಕು. ಫಲಿತಾಂಶಕ್ಕೆ ಹತ್ತು ದಿನವೂ ಹಿಡಿಯಬಹುದು. ನಿಮಗೆ ಅಷ್ಟು ಸಮಯವಿಲ್ಲ, ಆದ್ದರಿಂದ ಇವತ್ತೇ ಕೆಲಸ ಶುರು ಮಾಡಿ.

ನೀವು ಕಂಡ ಲೋಳೆಯೇ ಈ ಬ್ಯಾಕ್ಟೀರಿಯಾದ ಮನೆ. ಟ್ಯಾಂಕಿಗೆ ಹಾಕಿದ ಕ್ಲೋರಿನ್ ನಿಂತ ಪೈಪಿನ ತುದಿಗೆ ತಲುಪುವುದಿಲ್ಲ. ತಲುಪಿದರೂ ಲೋಳೆಯ ಒಳಗೆ ಇಳಿಯುವುದು ಕಷ್ಟ. ಇದು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತದೆ. ಅಂದರೆ ನಮ್ಮ ಕರಾವಳಿಯಲ್ಲಿ ತಣ್ಣೀರಿನ ಪೈಪಿಗೂ ರಕ್ಷಣೆಯಿಲ್ಲ. ಜೂನ್ ತಿಂಗಳ ಸೋಲಾರ್ ನೀರಂತೂ ಅದಕ್ಕೆ ಹೇಳಿ ಮಾಡಿಸಿದ ಹದ. ಸೋಲಾರ್ ಟ್ಯಾಂಕಿನ ಒಳಗಿನ ಹೀಟರ್ ಹಾಕಿ ನೀರನ್ನು 60 ಡಿಗ್ರಿಗೆ ತನ್ನಿ, ದೂರದ ನಲ್ಲಿಯಲ್ಲೂ 50ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಈ ನೀರು ಮೈ ಸುಡುತ್ತದೆ, ತಣ್ಣೀರು ಬೆರೆಸಲು ಮಕ್ಕಳಿಗೆ ಮೊದಲೇ ಹೇಳಿ.

ಶವರ್ ತಲೆಗಳನ್ನು ಬಿಚ್ಚಿ, ಕಿಟ್ಟ ಉಜ್ಜಿ, ಬ್ಲೀಚ್ ನೀರಿನಲ್ಲಿ ನೆನೆಸಿ. ತಲೆಯಿಲ್ಲದ ಪೈಪಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಮೋರಿಯೊಳಗೆ ಇಳಿಸಿ ನೀರು ಬಿಡಿ. ತುಂತುರು ಏಳಬಾರದು, ಮುಖ್ಯ ಇದೇ: ರೋಗ ತಗಲುವುದು ಹೆಚ್ಚಾಗಿ ಸಣ್ಣ ಹನಿಗಳನ್ನು ಉಸಿರಿನೊಂದಿಗೆ ಎಳೆದುಕೊಂಡಾಗ. ಕಿಟಕಿ ತೆರೆದಿಟ್ಟು ಹೊರಗೆ ನಿಲ್ಲಿ. ಮುಂದೆಯೂ ಖಾಲಿ ಕೋಣೆಗಳಲ್ಲಿ ವಾರಕ್ಕೊಮ್ಮೆಯಾದರೂ ನೀರು ಹರಿಸಿ. ಹಳೆಯ ವಾಶ್‌ಬೇಸಿನ್ ತೆಗೆದು ಮುಚ್ಚಳ ಹಾಕಿ ಬಿಟ್ಟ ಪೈಪ್ ಇದ್ದರೆ ಅದರಲ್ಲಿ ನೀರು ನಿಂತೇ ಇರುತ್ತದೆ, ಬುಡದಲ್ಲೇ ಕತ್ತರಿಸಿಸಿ. ದುಡ್ಡಿಲ್ಲ ಎನ್ನುವ ಆಡಳಿತ ಇದನ್ನೇ ಮೊದಲು ಕೈಬಿಡುತ್ತದೆ, ದಯವಿಟ್ಟು ನೀವು ಬಿಡಬೇಡಿ.

ನರ್ಸ್, ಮಣಿಪಾಲ:
1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರು ನ್ಯುಮೋನಿಯಾದಿಂದ ಸಾಯತೊಡಗಿದಾಗ ಕಾರಣವೇ ಗೊತ್ತಾಗಿರಲಿಲ್ಲ. ಈ ಬ್ಯಾಕ್ಟೀರಿಯಾ ಪತ್ತೆಯಾದದ್ದು ಮರುವರ್ಷ. ಈಗ ಮೂತ್ರ ಪರೀಕ್ಷೆಯಲ್ಲೇ ಸಾಮಾನ್ಯ ಬಗೆ ತಿಳಿಯುತ್ತದೆ, ಆದರೆ ಯಾರಾದರೂ ಸಂಶಯಪಟ್ಟರೆ ಮಾತ್ರ. ಮಳೆಗಾಲದ ಜ್ವರ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಡೆಂಗ್ಯೂ, ಇಲಿಜ್ವರ. ಜ್ವರದ ಜೊತೆ ಕೆಮ್ಮು, ಉಸಿರಾಟದ ಕಷ್ಟ ಕಂಡರೆ ಶವರ್ ಸಂಗತಿಯನ್ನು ವೈದ್ಯರಿಗೆ ನೀವೇ ಹೇಳಿ. ಪೆನಿಸಿಲಿನ್ ಗುಂಪಿನ ಔಷಧಿ ಇದಕ್ಕೆ ನಾಟುವುದಿಲ್ಲ, ಅಜಿತ್ರೊಮೈಸಿನ್ ಅಥವಾ ಲೆವೊಫ್ಲೊಕ್ಸಾಸಿನ್ ಬೇಕಾಗುತ್ತದೆ.

ವಾರ್ಡನ್, ಉಡುಪಿ:
ಇಬ್ಬರಿಗೂ ತುಂಬಾ ಧನ್ಯವಾದ. ನಮ್ಮ ಅಡುಗೆಯ ಅಕ್ಕನಿಗೆ ಅರವತ್ತರ ಹತ್ತಿರ, ಸಕ್ಕರೆ ಕಾಯಿಲೆಯೂ ಇದೆ. ಆ ಮಹಡಿ ತೊಳೆಯುವುದೂ ಅವರೇ. ಅವರನ್ನು ಕಳಿಸಬಹುದೇ?

ನರ್ಸ್, ಮಣಿಪಾಲ:
ಬೇಡವೇ ಬೇಡ. ಐವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಧೂಮಪಾನಿಗಳು, ಶ್ವಾಸಕೋಶದ ತೊಂದರೆಯವರು: ಇವರಿಗೇ ಇದು ಹೆಚ್ಚು ಅಪಾಯ. ಆರೋಗ್ಯವಂತ ಪ್ಲಂಬರ್ ಒಬ್ಬರನ್ನು ಕರೆಸಿ, ಎನ್95 ಮಾಸ್ಕ್ ಹಾಕಿಸಿಯೇ ಒಳಗೆ ಬಿಡಿ.