ಮಕ್ಕಳ ವಾರ್ಡಿನಿಂದ ಲಸಿಕೆ ಸಂಶೋಧನೆ ಮತ್ತು ನೀತಿಯ ಕೆಲಸಕ್ಕೆ ಹೋಗುವುದು ಹೇಗೆ?

ಪ್ರಶ್ನೆ: ಮಕ್ಕಳ ವೈದ್ಯೆ, ಹುಬ್ಬಳ್ಳಿ

ಹಿರಿಯರಿಗೆ ನಮಸ್ಕಾರ. ಎಂ.ಡಿ. ಮುಗಿಸಿ ಆರು ವರ್ಷಗಳಿಂದ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಗಂಟಲಮಾರಿಯಿಂದ (ಡಿಫ್ತೀರಿಯಾ) ಉಸಿರಾಡಲು ಕಷ್ಟಪಡುತ್ತ ಬಂದ ಏಳು ವರ್ಷದ ಹುಡುಗನ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ್’ ಅನ್ನು ನಾನು ಬಿಡಿಸಿ ನೋಡಿದಾಗ, ಗಂಟಲಮಾರಿಯೂ ಸೇರಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೂರು ಡೋಸ್‌ಗಳ ದಿನಾಂಕಗಳು ಅಚ್ಚುಕಟ್ಟಾಗಿ ಬರೆದಿದ್ದವು. ಒಂದೂವರೆ ವರ್ಷ ಮತ್ತು ಐದು ವರ್ಷದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್‌ಗಳ ಚೌಕಗಳು ಮಾತ್ರ ಖಾಲಿಯಿದ್ದವು. ಹುಡುಗ ಬದುಕಿಕೊಂಡ. ಆದರೆ ಆ ಎರಡು ಚೌಕಗಳು ಏಕೆ ಖಾಲಿ ಉಳಿದವು ಎಂಬುದಕ್ಕೆ ನನ್ನ ವಾರ್ಡಿನಲ್ಲಿ ಉತ್ತರವಿಲ್ಲವೆಂದು ಅಂದೇ ಅನ್ನಿಸಿತು.

ಲಸಿಕೆ ಸಂಶೋಧನೆ ಮತ್ತು ನೀತಿ ನಿರೂಪಣೆಯಲ್ಲಿ ತಜ್ಞ ವೈದ್ಯರು ನಿಜವಾಗಿ ಮಾಡುವ ಕೆಲಸವೇನು? ಮತ್ತೆ ಓದಬೇಕೆ? ರೋಗಿಗಳನ್ನು ನೋಡುವುದನ್ನು ಪೂರ್ತಿ ಬಿಡಬೇಕಾಗುತ್ತದೆಯೆ?

ಉತ್ತರ 1: ಹಿಂದೆ ಪೋಲಿಯೊ ಸರ್ವೇಕ್ಷಣಾ ವೈದ್ಯಾಧಿಕಾರಿ

ಮೇಡಂ, ನೀವು ಕಾರ್ಡಿನಿಂದ ಆರಂಭಿಸಿರುವುದು ಸರಿಯಾದ ಜಾಗ. ನಾನು ಆರಂಭಿಸಿದ್ದು ಮಲದ ಮಾದರಿಯಿಂದ. 15 ವರ್ಷದೊಳಗಿನ ಯಾವುದೇ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೆ, 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಮಾದರಿ ಸಂಗ್ರಹಿಸಿ, ತಂಪು ಕೆಡದಂತೆ ಪ್ರಯೋಗಾಲಯಕ್ಕೆ ಕಳುಹಿಸಬೇಕಿತ್ತು. 2011ರ ಜನವರಿ 13ರಂದು ಹೌರಾದಲ್ಲಿ ಕಾಣಿಸಿದ ಪ್ರಕರಣವೇ ದೇಶದ ಕೊನೆಯ ವೈಲ್ಡ್ ಪೋಲಿಯೊ (ಲಸಿಕೆಯಿಂದಲ್ಲದೆ ನೈಸರ್ಗಿಕ ವೈರಸ್ಸಿನಿಂದ ಬರುವುದು) ಎಂದು ಇಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಇಂಥ ಬೇಸರದ ಕೆಲಸದಿಂದ.

ನೀತಿಯ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2016ರ ಏಪ್ರಿಲ್‌ನಲ್ಲಿ ಬಾಯಿಗೆ ಹಾಕುವ ಪೋಲಿಯೊ ಹನಿಯಿಂದ ಎರಡನೇ ಮಾದರಿಯ ವೈರಸ್ಸನ್ನು ಕೈಬಿಟ್ಟಾಗ, ಅದರ ಕೊರತೆಯನ್ನು ತುಂಬಬೇಕಿದ್ದ ಐಪಿವಿ (ನಿಷ್ಕ್ರಿಯಗೊಳಿಸಿದ ಪೋಲಿಯೊ ವೈರಸ್ಸಿನ) ಚುಚ್ಚುಮದ್ದಿಗೆ ಜಗತ್ತಿನಾದ್ಯಂತ ಅಭಾವವಿತ್ತು. ಪೂರ್ಣ ಡೋಸಿನ ಐದನೇ ಒಂದು ಭಾಗವನ್ನು, ಅಂದರೆ 0.1 ಮಿ.ಲೀ.ಯನ್ನು, ಚರ್ಮದೊಳಗೆ ಎರಡು ಬಾರಿ ಕೊಟ್ಟರೆ ಒಂದು ಪೂರ್ಣ ಡೋಸಿಗಿಂತ ಉತ್ತಮ ರಕ್ಷಣೆ ಸಿಗುತ್ತದೆಂದು ಅಧ್ಯಯನಗಳು ತೋರಿಸಿದ್ದವು. ಅಧ್ಯಯನ ಓದಿ ಒಪ್ಪುವುದು ಸುಲಭ. ಚರ್ಮದೊಳಗೆ ಚುಚ್ಚಲು ಉಪಕೇಂದ್ರದ ಸಿಸ್ಟರ್‌ಗೆ ಕೈ ಪಳಗಿದೆಯೆ (ಚರ್ಮದೊಳಗೇ ಚುಚ್ಚುವ ಕ್ಷಯದ ಲಸಿಕೆ ಬಿಸಿಜಿ ಕೊಡುವವರಾದ್ದರಿಂದ ಪಳಗಿದೆ), ಒಂದು ವಯಲ್ (ಲಸಿಕೆಯ ಸೀಸೆ) ಎಷ್ಟು ಮಕ್ಕಳಿಗೆ ಸಾಲುತ್ತದೆ, ತೆರೆದ ವಯಲನ್ನು ಎಷ್ಟು ದಿನ ಇಡಬಹುದು ಎಂಬ ಪ್ರಶ್ನೆಗಳೇ ನಿರ್ಧಾರದ ತಿರುಳು. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು 6 ಮತ್ತು 14ನೇ ವಾರಗಳಲ್ಲಿ ಇದನ್ನು ಮೊದಲು ಆರಂಭಿಸಿದವು. 2023ರಲ್ಲಿ ಒಂಬತ್ತನೇ ತಿಂಗಳ ಮೂರನೇ ಡೋಸ್ ಸೇರಿತು.

2001ರಲ್ಲಿ ರಚನೆಯಾದ ರಾಷ್ಟ್ರೀಯ ಲಸಿಕಾ ತಾಂತ್ರಿಕ ಸಲಹಾ ಗುಂಪು, ಅಂದರೆ ನಾವೆಲ್ಲ ಎನ್‌ಟಿಎಜಿಐ ಎನ್ನುವ ಸಮಿತಿ, ಶಿಫಾರಸು ಮಾಡುತ್ತದೆಯೇ ಹೊರತು ಆದೇಶ ಹೊರಡಿಸುವುದಿಲ್ಲ. ತಮ್ಮ ಮಾತು ಕೂಡಲೇ ಜಾರಿಯಾಗಬೇಕೆಂದು ಬಯಸುವವರಿಗೆ ಈ ಕೆಲಸ ಹಿಡಿಸಲಾರದು.

ಓದಿನ ವಿಷಯಕ್ಕೆ ಬಂದರೆ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಅಥವಾ ದೆಹಲಿಯ ಎನ್‌ಸಿಡಿಸಿಯಲ್ಲಿ (ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ) 2012ರಿಂದ ನಡೆಯುತ್ತಿರುವ, ರೋಗ ಹರಡುವಿಕೆಯ ತನಿಖೆ ಕಲಿಸುವ ಇಐಎಸ್ ತರಬೇತಿಯನ್ನು ಪರಿಶೀಲಿಸಿ.

ಉತ್ತರ 2: ಲಸಿಕಾ ಪ್ರಯೋಗಗಳ ಸಂಶೋಧಕ

ಮೇಲಿನವರು ಅಧ್ಯಯನ ಓದಿ ಒಪ್ಪುವುದು ಸುಲಭವೆಂದಿದ್ದಾರೆ. ಆ ಮಾತಿಗೆ ನನ್ನ ತಕರಾರಿದೆ. ದೆಹಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ ಸುಮಾರು 6,800 ಶಿಶುಗಳ ಮೇಲೆ ನಡೆದ ರೊಟಾವ್ಯಾಕ್ ಲಸಿಕೆಯ ಪ್ರಯೋಗದಲ್ಲಿ, ಮೊದಲ ವರ್ಷ ತೀವ್ರ ರೊಟಾವೈರಸ್ ಭೇದಿಯ ವಿರುದ್ಧ ಸಿಕ್ಕ ರಕ್ಷಣೆ ಸುಮಾರು ಶೇ. 56. ಚಿಕಿತ್ಸಾಲಯದಲ್ಲಿ ಕುಳಿತ ವೈದ್ಯರಿಗೆ ಇದು ಅರ್ಧಂಬರ್ಧ ಔಷಧದಂತೆ ಕಾಣುತ್ತದೆ. ಆದರೆ ಕಾಯಿಲೆ ಅಷ್ಟು ವ್ಯಾಪಕವಾಗಿರುವ ದೇಶದಲ್ಲಿ ತೀವ್ರ ಪ್ರಕರಣಗಳು ಅರ್ಧಕ್ಕಿಂತ ಕಡಿಮೆಯಾದರೆ ತಪ್ಪುವ ಸಾವುಗಳು ಅಪಾರವೆಂಬ ಲೆಕ್ಕದ ಮೇಲೆಯೇ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಅದು ಸರ್ಕಾರಿ ಕಾರ್ಯಕ್ರಮಕ್ಕೆ ಬಂತು. ಒಂದು ಮಗುವನ್ನು ನೋಡುವ ಕಣ್ಣಿನಿಂದ ಲಕ್ಷ ಮಕ್ಕಳನ್ನು ನೋಡುವ ಕಣ್ಣಿಗೆ ಬದಲಾಗಲು ನನಗೆ ಮೂರು ವರ್ಷ ಹಿಡಿಯಿತು.

ಇನ್ನೊಂದು ಮಾತು. ನನ್ನ ದಿನದ ಹೆಚ್ಚಿನ ಭಾಗ ಹೋಗುವುದು ಒಪ್ಪಿಗೆ ಪತ್ರಗಳಲ್ಲಿ. 2009–10ರಲ್ಲಿ ಆಂಧ್ರ ಮತ್ತು ಗುಜರಾತ್‌ಗಳಲ್ಲಿ ನಡೆದ ಎಚ್‌ಪಿವಿ ಲಸಿಕೆಯ (ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ) ಅಧ್ಯಯನ ನಿಂತುಹೋದದ್ದರಲ್ಲಿ, ಹಲವು ಹುಡುಗಿಯರ ಪರವಾಗಿ ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಮಾಡಿದ್ದರೆಂಬ ಆಕ್ಷೇಪದ ಪಾಲು ದೊಡ್ಡದು. ಆ ಲಸಿಕೆಯ ಬಗೆಗಿನ ಅನುಮಾನ ವರ್ಷಗಟ್ಟಲೆ ಉಳಿಯಿತು. ತಾಯಿಗೆ ಅವಳ ಮಾತಿನಲ್ಲೇ ವಿವರಿಸಬಲ್ಲ ವೈದ್ಯರು ನಮಗೆ ಬೇಕು, ಆದ್ದರಿಂದ ನಿಮ್ಮ ವಾರ್ಡಿನ ಅನುಭವ ವ್ಯರ್ಥವಾಗುವುದಿಲ್ಲ. ವಾರಕ್ಕೊಂದು ದಿನ ನಾನು ಈಗಲೂ ಹೊರರೋಗಿ ವಿಭಾಗದಲ್ಲಿ ಕೂರುತ್ತೇನೆ.

ಉತ್ತರ 3: ತಾಲ್ಲೂಕು ಆರೋಗ್ಯಾಧಿಕಾರಿ, ಮಲೆನಾಡು

ದೆಹಲಿ, ವೆಲ್ಲೂರಿನ ಮಾತಾಯಿತು. ನಮ್ಮ ಮಂಗನ ಕಾಯಿಲೆಯನ್ನೂ ನೋಡಿ. ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಳೆಯ ಲಸಿಕೆ ಎರಡು ಡೋಸಿಗೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83 ರಕ್ಷಣೆ ಕೊಡುತ್ತದೆಂದು 2005–10ರ ಅಂಕಿಅಂಶಗಳ ವಿಶ್ಲೇಷಣೆ ಹೇಳಿತ್ತು. ಆದರೆ ಆ ಸೂಜಿಯ ಉರಿ ಅನುಭವಿಸಿದವರಿಗೇ ಗೊತ್ತು. ಮೊದಲ ಡೋಸಿಗೆ ಅಂಗಳದಲ್ಲಿ ಸಾಲು ನಿಂತವರು ಎರಡನೆಯದಕ್ಕೆ ಅಡಿಕೆ ತೋಟದ ಕಡೆ ನಡೆಯುತ್ತಿದ್ದರು. ಪ್ರತಿ ವರ್ಷದ ಬೂಸ್ಟರ್ ಅಂತೂ ಕೇಳುವುದೇ ಬೇಡ. ಕೊನೆಗೆ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಯಿತು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿತು.

ಯಾವ ಕೋರ್ಸಿಗೂ ಅರ್ಜಿ ಹಾಕುವ ಮುನ್ನ ಒಂದು ಗುರುವಾರ ಯಾವುದಾದರೂ ಉಪಕೇಂದ್ರಕ್ಕೆ ಹೋಗಿ ಕುಳಿತುಕೊಳ್ಳಿ. ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಡ್ಯೂ ಲಿಸ್ಟ್ (ಲಸಿಕೆ ಬಾಕಿಯಿರುವ ಮಕ್ಕಳ ಪಟ್ಟಿ) ಕೇಳಿ ಪಡೆದು, ‘ಊರಲ್ಲಿಲ್ಲ’ ಎಂದು ಬರೆದಿರುವ ಹೆಸರುಗಳನ್ನು ಎಣಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಕಳೆದ ಗುರುವಾರ ಪಾಳಿ ಬದಲಿಸಿಕೊಂಡು, ಆ ಹುಡುಗನ ಊರಿನ ಉಪಕೇಂದ್ರಕ್ಕೇ ಹೋಗಿದ್ದೆ. ಹಳೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆಯೂ ‘ಊರಲ್ಲಿಲ್ಲ’ ಎಂದೇ ಇತ್ತು. ಅಪ್ಪ ಅಮ್ಮ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ನಾಲ್ಕು ವರ್ಷ ಅಲ್ಲೇ ಇದ್ದರಂತೆ. ತಾಯಿ ಕಾರ್ಡ್ ಇಲ್ಲಿ ಅಜ್ಜಿಯ ಟ್ರಂಕಿನಲ್ಲಿ ಉಳಿದಿತ್ತು. ಅದೇ ಪಟ್ಟಿಯಲ್ಲಿ ಇಂಥ ಇನ್ನೂ ಹನ್ನೊಂದು ಹೆಸರುಗಳಿವೆ. ಈ ಮಕ್ಕಳನ್ನು ಗೋವಾದ ಕಡೆಯಿಂದ ಹುಡುಕುವ ಅಧ್ಯಯನವನ್ನು ಹೇಗೆ ರೂಪಿಸಬೇಕೆಂದು ಸಂಶೋಧಕ ಮಿತ್ರರು ತಿಳಿಸುವಿರಾ?